ಬೋಗುಣಿ ಒಡೆಯುವ ಅಜ್ಜಿ

ಸತ್ತ ಅತ್ತೆಯ ಅಂಗಿಯನ್ನು ರುಂಬಿ ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದಳು. ಅದು ಭುಜದ ಹತ್ತಿರ ಸಿಕ್ಕಿಕೊಂಡಿತು.

"ಬೇಗ ಆಗ್ಲಮ್ಮ," ಎಂದ ಅತ್ತೆಯ ತಮ್ಮ ಗರಿಕಾಯ್, ಬಾಗಿಲಾಚೆಯಿಂದ. "ಸೊಸೆಯಾದೋಳು ಸತ್ತೋಳ ವೇಷ ಹಾಕಿ ಜನಾನ ನಗಿಸ್ಬೇಕು, ಅದು ನಮ್ಮ ಪದ್ಧತಿ. ಅಲ್ಲೀತನಕ ನಮ್ಮಕ್ಕ ಈ ಮನೆ ಬಿಟ್ಟು ಹೊರಡೋಳಲ್ಲ."

"ಬಂದೆ ಮಾವ."

"ಇನ್ನೊಂದು ಮಾತು. ಅಕ್ಕ ಇಲ್ಲಿ ಇಟ್ಕೊಂಡಿದ್ದ ಆ ಹುಡುಗಿ ಯೆಮುರೈನ ನಾಳೆ ಅವರಪ್ಪನ ಹತ್ರಾನೇ ಬಿಟ್ಟುಬರ್ತೀನಿ. ಹೊಡೀತಾನೆ, ಗೊತ್ತು. ಆದ್ರೆ ಇಂಥ ಮಕ್ಕಳನ್ನ ಸರಿಮಾಡೋದು ಅಕ್ಕನಿಗೆ ಗೊತ್ತಿತ್ತು. ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ರುಂಬಿಗೆ ಅದೇ ಸಂಕಟ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಮುದುಕಿ ಅದೇನು ಮಾಡುತ್ತಿದ್ದಳೋ ಅವಳಿಗೆ ಕಂಡಿರಲೇ ಇಲ್ಲ. ಮನೆಯಲ್ಲಿ ಪೆಟ್ಟು ತಿಂದ ಮಕ್ಕಳು ಬರುತ್ತಿದ್ದವು, ಮೂಲೆ ಹಿಡಿಯುತ್ತಿದ್ದವು, ಒಂದು ದಿನ ನೋಡಿದರೆ ಅಂಗಳದ ತುಂಬ ಓಡಾಡುತ್ತಿದ್ದವು.

*

ಯೆಮುರೈ ಬಂದ ವಾರವಂತೂ ಮುದುಕಿ ಮಣ್ಣಿನ ಬೋಗುಣಿಗಳನ್ನು ಸಾಲಾಗಿ ಒಡೆದಿದ್ದಳು.

"ಅತ್ತೆ, ಉಣ್ಣೋಕೆ ಒಂದಾದ್ರೂ ಉಳಿಸ್ತೀರೋ ಇಲ್ವೋ?"

"ವಯಸ್ಸಾಯ್ತಲ್ಲೇ, ಕೈ ನಿಲ್ಲಲ್ಲ," ಎಂದು ಬೊಚ್ಚುಬಾಯಿ ತೆರೆದು ನಕ್ಕಿದ್ದಳು. ಅದೇ ಸಂಜೆ ಅವಳು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ್ದನ್ನು ರುಂಬಿ ನೋಡಿಯೂ ನೋಡಿರಲಿಲ್ಲ.

*

ಶವದ ಪೆಟ್ಟಿಗೆ ಹೆಗಲಿಗೇರಿತು. ಮುಂದಿನ ಹೆಗಲು ಗರಿಕಾಯ್‌ನದು. ರುಂಬಿ ಅತ್ತೆಯಂತೆ ನಡು ಬಗ್ಗಿಸಿ ನಡೆದಳು, ಕೋಳಿಗಳನ್ನು ಬೈದಳು. ಅಳುತ್ತಿದ್ದವರೆಲ್ಲ ನಕ್ಕರು. ಕೊನೆಗೆ ಒಂದು ಬೋಗುಣಿಯನ್ನು ಬೀಳಿಸಿ, "ಹೋಯ್ತಲ್ಲೇ," ಎಂದಳು. ಜನ ಹೊಟ್ಟೆ ಹಿಡಿದುಕೊಂಡರು.

"ಹಂಗಲ್ಲ."

ಕಣಜದ ಹಿಂದಿನಿಂದ ಯೆಮುರೈ ಬಂದಿದ್ದಳು. ಅಜ್ಜಿಯ ಹೊರತು ಯಾರೊಡನೆಯೂ ಮಾತಾಡದ ಹುಡುಗಿ.

"ಮತ್ತೆ ಹೆಂಗೆ ಪುಟ್ಟಾ?"

"ಅಜ್ಜಿ ಮೊದ್ಲು ನನ್ನ ನೋಡೋಳು. ನಾನು ನೋಡ್ತಿದೀನಿ ಅಂತ ಗೊತ್ತಾದ್ಮೇಲೇ ಬೀಳಿಸೋಳು. ಆಮೇಲೆ ನನ್ನ ಕಿವೀಲಿ, 'ನೋಡು, ಒಡೀತು. ಯಾರೂ ಹೊಡೀಲಿಲ್ಲ' ಅನ್ನೋಳು."

ನಗು ನಿಂತಿತು.

"ನಂಗೂ ಹಂಗೇ ಅನ್ನೋಳು," ಎಂದ ಪೆಟ್ಟಿಗೆ ಹೊತ್ತಿದ್ದ ತಾಪಿವಾ, ಮಸ್ವಿಂಗೊ ಪಟ್ಟಣಕ್ಕೆ ಹೋಗುವ ಬಸ್ಸಿನ ಗಡ್ಡದ ಡ್ರೈವರ್. ಅವನ ಹಿಂದಿನವನು, "ನಂಗೂ," ಎಂದ. ಹೆಂಗಸರ ನಡುವಿನಿಂದ ಇನ್ನೊಂದು ದನಿ, ಮತ್ತೊಂದು.

ರುಂಬಿ ಪೆಟ್ಟಿಗೆಯ ಕಡೆ ತಿರುಗಿದಳು. ಏನು ಹೆಂಗಸಪ್ಪ ಇವಳು. ಇಷ್ಟು ವರ್ಷ, ಇಷ್ಟು ಬೋಗುಣಿ, ಆ ಕೈ ಒಂದು ಸಲವೂ ಜಾರಿರಲಿಲ್ಲ.

ಯೆಮುರೈ ಊಟಕ್ಕೆಂದು ಇಟ್ಟಿದ್ದ ರಾಶಿಯಿಂದ ಒಂದು ಬೋಗುಣಿ ಎತ್ತಿಕೊಂಡಳು. ರುಂಬಿಯ ಮುಖವನ್ನೇ ನೋಡುತ್ತ, ಪೆಟ್ಟಿಗೆ ಹೊತ್ತವರ ಕಾಲ ಬುಡದಲ್ಲಿ ಅದನ್ನು ಬಿಟ್ಟಳು. ಚೂರುಚೂರಾಯಿತು. ಹುಡುಗಿ ಉಸಿರು ಬಿಗಿಹಿಡಿದು ನಿಂತಳು.

"ಒಡೀತು," ಎಂದಳು ರುಂಬಿ. "ಒಡೀಲಿ ಬಿಡು. ಇವಳು ಎಲ್ಲಿಗೂ ಹೋಗಲ್ಲ ಮಾವ."



ಯೆಮುರೈ ಪೊರಕೆ ತಂದು ಗರಿಕಾಯ್‌ನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ಕಾಲೆತ್ತಿ, ಚುಚ್ಚುತ್ತೆ," ಎಂದಳು.

ಗರಿಕಾಯ್ ಕಾಲೆತ್ತಿದ. ಅವನ ಹಿಂದೆ ತಾಪಿವಾ, ಆಮೇಲೆ ಉಳಿದವರು. ಹುಡುಗಿ ಗುಡಿಸಿ ಮುಗಿಸುವ ತನಕ ಅಜ್ಜಿಯ ಪೆಟ್ಟಿಗೆ ಆ ಹೆಗಲುಗಳ ಮೇಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತ ಕಾಯಿತು.