ಚೆಕ್‌ಪೋಸ್ಟಿನ ಭೀಮಣ್ಣ

ಒಂದು ಸುಳ್ಳು ಮುಚ್ಚುವುದಕ್ಕೆ ಹತ್ತು ಸುಳ್ಳು ಹೇಳಬೇಕು ಅನ್ನುತ್ತಾರೆ. ಪಂಚಾಯ್ತಿ ಪಿಡಿಒ ಯತೀಶ ಬರೆದದ್ದು ಒಂದೇ ಸುಳ್ಳು, ಅದೂ ಅರ್ಧ ಸಾಲು. ಎರಡು ವರ್ಷದ ಮೇಲೆ ಅದು ಅವನ ಕುತ್ತಿಗೆಗೆ ಬಂತು.

ಆದದ್ದಿಷ್ಟು. ಲಾಕ್‌ಡೌನಿನಲ್ಲಿ ಬಂಡೂರಿನ ಆಚೆಯ ಅವನ ಪಂಚಾಯ್ತಿಯ ಹಳ್ಳಿಯವರು ದಾರಿಗೆ ಮುಳ್ಳು ಹಾಕಿದರು, ಬೊಂಬು ಕಟ್ಟಿದರು. ಪಡ್ಡೆ ಹುಡುಗರು ನುಸುಳಿ ಮದ್ದೂರಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಪಂಚಾಯ್ತಿ ಅಧ್ಯಕ್ಷೆ ದೇವಿರಮ್ಮ ತಮ್ಮ ಟಗರು ಭೀಮನನ್ನು ತಂದು ಬೊಂಬಿನ ಪಕ್ಕ ಕಟ್ಟಿದರು. ಗಿಡ್ಡ ಕಾಲು, ದಪ್ಪ ಮೈ. ಗುದ್ದಿದರೆ ಮೂರು ದಿನ ಕೂರುವ ಹಾಗಿಲ್ಲ. ನಲವತ್ತು ದಿನ ಒಂದು ನರಪಿಳ್ಳೆಯೂ ಊರಾಚೆ ಕಾಲಿಡಲಿಲ್ಲ.

ಹುರುಳಿ, ಹಿಂಡಿಗೆ ನಾಲ್ಕು ಸಾವಿರದ ಎಂಟುನೂರು ರೂಪಾಯಿ ಆಯಿತು. ಕೋವಿಡ್ ಖರ್ಚಿನಲ್ಲಿ ಟಗರಿಗೆ ಕಾಲಂ ಎಲ್ಲಿದೆ? ಯತೀಶ ಬರೆದ: 'ಭೀಮಣ್ಣ, ಚೆಕ್‌ಪೋಸ್ಟ್ ಸಿಬ್ಬಂದಿ, ಊಟದ ವೆಚ್ಚ.' ಆ 'ಅಣ್ಣ' ಅವನದೇ ಬುದ್ಧಿವಂತಿಕೆ.

ಆಧಾರ್ ನಂಬರಿಲ್ಲದ ಈ ಸಿಬ್ಬಂದಿ ಯಾರೆಂದು ಆಡಿಟ್‌ನವರು ಆಕ್ಷೇಪಣೆ ಎತ್ತಿದರು. ಕೋವಿಡ್ ಖರ್ಚು ವಿಚಾರಿಸಲು ಮಂಡ್ಯಕ್ಕೆ ಬರುವ ಶಾಸಕರ ಸಮಿತಿಯ ಮುಂದೆ ಭೀಮಣ್ಣನವರನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು ಎಂದು ಕಾಗದ ಬಂತು.

"ನನ್ ಕೆಲ್ಸ ಓಯ್ತು ಕಣಮ್ಮ. ಊರಲ್ಲಿ ಯಾರಾದ್ರೂ ಭೀಮಣ್ಣ ಅನ್ನೋರಿದ್ರೆ ಕರ್ಕೊಂಡೋಗನ," ಎಂದು ಯತೀಶ ಗೋಗರೆದ. ಮಂಡ್ಯದ ಗುತ್ತಲಿನಲ್ಲಿ ಬಾಡಿಗೆ ಮನೆ ಹಿಡಿದು, ಮಗಳನ್ನು ಶಾಲೆಗೆ ಸೇರಿಸಿ ಇನ್ನೂ ತಿಂಗಳಾಗಿರಲಿಲ್ಲ.

"ಇರೋನ್ನ ಬುಟ್ಟು ಇಲ್ದೋನ್ನ ಯಾಕ್ ಉಡುಕ್ತೀಯಪ್ಪ?" ಎಂದರು ದೇವಿರಮ್ಮ. "ಗೂಡ್ಸ್ ಆಟೋ ಕರ್ಸು."

ಮಂಡ್ಯದ ಸಭಾಂಗಣದಲ್ಲಿ ಸಮಿತಿಯ ಅಧ್ಯಕ್ಷರು ದೊಡ್ಡ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಕೇಳುತ್ತಿದ್ದರು. ಮುನ್ನೂರು ಮಂಚ ಕೊಂಡಿರಲ್ಲ, ಎಲ್ಲಿವೆ? "ಮಾಹಿತಿ ಸಂಗ್ರಹಿಸಲಾಗುತ್ತಿದೆ ಸರ್." ಆಕ್ಸಿಜನ್ ಯಂತ್ರ? "ಫೈಲು ಬೆಂಗಳೂರಿನಲ್ಲಿದೆ ಸರ್." ಕೋಟಿಗಳಿಗೆ ಉತ್ತರ ಹೇಳಬೇಕಾದವರು ತಣ್ಣಗಿದ್ದರು, ನಾಲ್ಕು ಸಾವಿರದ ಯತೀಶ ಬೆವರಿನಲ್ಲಿ ತೊಯ್ದು ಹೋಗಿದ್ದ.

"ಭೀಮಣ್ಣ ಯಾರು?"

ಯತೀಶ ಎದ್ದ. ದೇವಿರಮ್ಮ ಬಾಗಿಲು ತೆಗೆದು ಹಗ್ಗ ಎಳೆದರು. ಭೀಮ ನುಣ್ಣನೆಯ ನೆಲದ ಮೇಲೆ ಗೊರಸು ಟಕಟಕ ಅನ್ನಿಸುತ್ತ ಬಂದು, ಮಂಚದ ಅಧಿಕಾರಿಯ ಎದುರು ನಿಂತು ತಲೆ ತಗ್ಗಿಸಿದ. ಟಗರಿನ ಸ್ವಭಾವ ಬಲ್ಲವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಇವ್ನೇ ಸ್ವಾಮಿ. ನಲವತ್ತು ದಿನ ಕಾದವ್ನೆ. ಎಸ್ರು ಸುಳ್ಳು ಬರ್ದಿದ್ದು ದಿಟ. ಈ ಉಡುಗ ಎದ್ರಿ ಬರ್ದ, ರುಜು ಆಕಿದ್ದು ನಾನು. ಸಿಕ್ಸೆ ಕೊಡೋದಾದ್ರೆ ನಂಗೆ ಕೊಡಿ."

ಅಧ್ಯಕ್ಷರು ಕನ್ನಡಕ ತೆಗೆದು ಭೀಮನನ್ನು ನೋಡಿದರು. ಆಮೇಲೆ ಅಧಿಕಾರಿಗಳ ಸಾಲನ್ನು ನೋಡಿದರು.

"ಭೀಮಣ್ಣ ಅನ್ನೋದನ್ನ ಹೊಡೆದುಹಾಕಿ ಟಗರು ಅಂತ ಬರ್ಕೊಳ್ಳಿ. ಆಕ್ಷೇಪಣೆ ಕೈಬಿಟ್ಟಿದ್ದೀವಿ," ಎಂದರು. "ಬೆಳಿಗ್ಗೆಯಿಂದ ಕೇಳಿದ ಖರ್ಚಿನಲ್ಲಿ ಕಣ್ಣೆದುರು ಬಂದು ನಿಂತಿದ್ದು ಇದೊಂದೇ."

ಯತೀಶನಿಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಟಗರಿನ ಕುತ್ತಿಗೆ ತಬ್ಬಿಕೊಂಡು ಅತ್ತ. ಭೀಮ ಮಾತ್ರ ಮಂಚದ ಅಧಿಕಾರಿಯ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ.

ದೇವಿರಮ್ಮ ಹಗ್ಗವನ್ನು ಚೂರು ಸಡಿಲಿಸಿ ಅಧ್ಯಕ್ಷರ ಕಡೆ ತಿರುಗಿದರು.

"ಆ ಮಂಚದ ಮಾಯಿತಿ ಬೇಕಾದ್ರೆ ಯೋಳಿ ಸ್ವಾಮಿ, ಬುಟ್ಬುಡ್ತೀನಿ."