ಎಡ ಗೋಡೆಯ ನಾಲ್ಕು ಮಿಲಿಮೀಟರ್

ಗ್ರಾಫಿನ ಮೊದಲ ಕಂಬ ಮತ್ತೆ ಎದ್ದು ನಿಂತಿತ್ತು. ಸಂಶೋಧನೆಯ ಹುಡುಗಿ ತಲೆಯ ಮೇಲೆ ಕೈಹೊತ್ತು ಕುಳಿತಳು. ತಟ್ಟೆಯಗಲದ ತಾಮ್ರದ ಪೆಟ್ಟಿಗೆಯೊಳಗೆ ಅಲೆಗಳನ್ನು ಬಿಟ್ಟು, ಅದು ಯಾವ ಯಾವ ಕಂಪನಕ್ಕೆ ಓಗೊಡುತ್ತದೆ ಎಂದು ಗುರುತಿಸುವುದು ಅವಳ ಕೆಲಸ. ಪರಮಾಣು ಬೀಜದ ಶಕ್ತಿಮಟ್ಟಗಳಂತೆ ಈ ಕಂಪನಗಳೂ ಒಂದಕ್ಕೊಂದು ತಾಗದೆ ಸರಿದು ನಿಲ್ಲಬೇಕು; ಮನಬಂದಂತೆ ಅಂಕಿ ತುಂಬಿದ ಮ್ಯಾಟ್ರಿಕ್ಸುಗಳ ಲೆಕ್ಕವೂ ಹಾಗೇ ಹೇಳುತ್ತದೆ. ಇಲ್ಲಿ ನೋಡಿದರೆ ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದವು. ಮೊದಲ ಕಂಬವೆಂದರೆ ಹೀಗೆ ಒಂದಕ್ಕೊಂದು ಅಂಟಿ ನಿಂತ ಜೋಡಿಗಳ ಎಣಿಕೆ. ಸಂಜೆಯೊಳಗೆ ಅದು ಇಳಿಯದಿದ್ದರೆ ಎರಡು ವರ್ಷದ ಕೆಲಸವನ್ನು ಕೈಬಿಡು ಎಂದು ಗೈಡ್ ಹೇಳಿಯಾಗಿತ್ತು.

ಪೆಟ್ಟಿಗೆ ಮಾಡಿದವರು ಕೆಳಗಿನ ವರ್ಕ್‌ಶಾಪಿನ ಮೇಸ್ತ್ರಿ. ಅವರ ಕೆಲಸವನ್ನು ಮತ್ತೆ ಅಳೆದು ನೋಡುವ ರೂಢಿ ಯಾರಿಗೂ ಇರಲಿಲ್ಲ. ಇವತ್ತು ಬೇರೆ ದಾರಿ ಕಾಣದೆ ಅವಳು ಅಳೆದಳು. ಅಳೆದವಳೇ ಪೆಟ್ಟಿಗೆ ಎತ್ತಿಕೊಂಡು ಕೆಳಗೆ ಓಡಿದಳು.

"ಮಾಮ, ಎಡಗಡೆ ಗೋಡೆ ನಾಲ್ಕು ಮಿಲಿಮೀಟರ್ ಒಳಗೆ ಬರಬೇಕಿತ್ತಲ್ವಾ? ನಕ್ಷೆಯಲ್ಲಿ ಬರೆದಿದ್ದೆ."

ಮೇಸ್ತ್ರಿಯ ಮುಖ ಅರಳಿತು. "ನೋಡಿದ್ದೆ ಕಣಮ್ಮ. ಪಾಪ, ಅವಸರದಲ್ಲಿ ತಪ್ಪು ಬರೆದಿದ್ದಾಳೆ ಅಂತ ನಾನೇ ಸರಿ ಮಾಡ್ದೆ. ಈಗ ಎರಡೂ ಕಡೆ ಕೂದಲೆಳೆ ವ್ಯತ್ಯಾಸ ಇಲ್ಲ. ನಿನಗೆ ಹೇಳಿ ಯಾಕೆ ನಾಚಿಕೆ ಮಾಡಿಸೋದು ಅಂತ ಸುಮ್ಮನಿದ್ದೆ."

ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅವಳು ಸ್ಟೂಲಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎರಡೂ ಕಡೆ ಒಂದೇ ಥರ ಇದ್ರೆ ಒಳಗಿನ ಕಂಪನಗಳದ್ದು ಎರಡು ಸಂಸಾರ ಆಗ್ಬಿಡುತ್ತೆ ಮಾಮ. ಒಬ್ಬರ ಗೊಡವೆ ಇನ್ನೊಬ್ಬರಿಗಿಲ್ಲ, ಹೋಗಿ ಒಬ್ಬರ ತಲೆ ಮೇಲೊಬ್ಬರು ಕೂತ್ಕೊಳ್ತಾರೆ. ಗೋಡೆ ಸೊಟ್ಟಗಿದ್ರೇನೇ ಎಲ್ಲಾ ಒಂದೇ ಮನೆಯವರು, ಮರ್ಯಾದೆಯಾಗಿ ದೂರ ನಿಲ್ತಾರೆ."

"ಅಂದ್ರೆ ನನ್ನ ಕೆಲಸ ಚೆನ್ನಾಗಿದ್ದದ್ದೇ ತಪ್ಪಾ?"

"ಅದೇ ತಪ್ಪು."

ಮೂವತ್ತು ವರ್ಷದಲ್ಲಿ ಮೇಸ್ತ್ರಿ ಬೇಕೆಂದೇ ಕೆಡಿಸಿದ ವಸ್ತು ಒಂದೂ ಇರಲಿಲ್ಲ. ನಾಲ್ಕು ಮಿಲಿಮೀಟರ್ ದಪ್ಪದ ತಾಮ್ರದ ತುಂಡನ್ನು ಎಡ ಗೋಡೆಗೆ ತಿರುಪು ಹಾಕಿ ಬಿಗಿಯುವಾಗ ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಕೈ ಒರೆಸಿಕೊಳ್ಳುತ್ತ ಅವಳ ಹಿಂದೆಯೇ ಮೆಟ್ಟಿಲು ಹತ್ತಿದರು.

ನಾಲ್ಕು ಗಂಟೆಗೆ ಅಳತೆ ಮುಗಿಯಿತು. ಪರದೆಯ ಮೇಲೆ ಒಂದೊಂದೇ ಕಂಬ ಎದ್ದಿತು, ಮೊದಲನೆಯದೊಂದನ್ನು ಬಿಟ್ಟು. ಅವಳಿಗೆ ಖುಷಿ ತಡೆಯಲಾಗಲಿಲ್ಲ. ಮೇಸ್ತ್ರಿಯ ಎಣ್ಣೆ ಮೆತ್ತಿದ ಕೈಯನ್ನೇ ಹಿಡಿದು ಕುಲುಕಿದಳು.

"ಇಲ್ಲೇನೂ ಇಲ್ವಲ್ಲಮ್ಮ," ಎಂದರು ಅವರು, ಕನ್ನಡಕ ಏರಿಸಿಕೊಂಡು.

"ಇರಬಾರದು ಮಾಮ. ಅದಕ್ಕೇ ಇಷ್ಟು ದಿನ ಒದ್ದಾಡಿದ್ದು."

ಗೈಡ್ ಬಂದು ನೋಡಿ, ಬರೆಯಲು ಶುರುಮಾಡು ಎಂದರು.

ಮರುದಿನ ಆ ಗ್ರಾಫಿನ ನಕಲೊಂದು ವರ್ಕ್‌ಶಾಪಿನ ಗೋಡೆಯಲ್ಲಿ, ಲೇತ್ ಯಂತ್ರದ ಮೇಲ್ಗಡೆ ಅಂಟಿಕೊಂಡಿತ್ತು. ಏನಿದು ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ ಅದರ ಖಾಲಿ ಮೂಲೆಯ ಮೇಲೆ ಬೆರಳಿಟ್ಟು, "ಇಷ್ಟು ನಾನು ಮಾಡಿದ್ದು" ಎನ್ನುತ್ತಿದ್ದರು.