ಮುದುಕವ್ವನ ಕೋಟೆ, ಮುದುಕವ್ವನ ತೋಟ

ಭಾನುವಾರ ಬಂತೆಂದರೆ ಕುಂದಲಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಮಕ್ಕಳ ಕಾಲು ನಿಲ್ಲುವುದಿಲ್ಲ. ಆದರೆ ಆಡುವುದೆಲ್ಲಿ? ಇರುವುದೇ ಹನ್ನೆರಡು ಅಡಿ ಅಗಲದ ಬೀದಿ. ಅದರಲ್ಲೇ ಬೈಕುಗಳು ನಿಲ್ಲಬೇಕು, ಒಗೆದ ಬಟ್ಟೆ ಒಣಗಬೇಕು, ನೀರಿನ ಟ್ಯಾಂಕರೂ ಬರಬೇಕು.

ಆ ದಿನ ಎಂಟು ವರ್ಷದ ದಿವ್ಯಾ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತಿದ್ದಳು. ತಿರುವಿನಿಂದ ಟ್ಯಾಂಕರ್ ನುಗ್ಗಿತು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಜ್ಜಿ ಮುದುಕವ್ವ ಮೊರ ಬಿಸಾಡಿ ಓಡಿಬಂದು ಮೊಮ್ಮಗಳ ರಟ್ಟೆ ಹಿಡಿದು ಎಳೆದಳು. ಟ್ಯಾಂಕರ್ ಕುಂಟೆಬಿಲ್ಲೆಯ ಮನೆಗಳ ಮೇಲೆಯೇ ಹಾದುಹೋಯಿತು. ಅಕ್ಕಿಯೆಲ್ಲ ಬೀದಿಪಾಲಾಯಿತು.

ಸದ್ದು ಕೇಳಿ ಎದುರು ಮನೆಯ ವನಜಾ ಹೊರಗೆ ಬಂದಳು. ವನಜಾ ಇದೇ ಊರಿನ ಹಳೇ ಒಕ್ಕಲಿನ ಸೊಸೆ, ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರು. ಮುದುಕವ್ವನ ಕುಟುಂಬ ಇರುವ ಬಾಡಿಗೆ ಕೋಣೆಯೂ ಅವಳ ಮನೆಯವರದೇ.

"ಅಯ್ಯೋ ಅಜ್ಜಿ, ಮಗುಗೆ ಏನೂ ಆಗ್ಲಿಲ್ಲ ತಾನೇ? ರಜಾ ದಿನನಾದ್ರೂ ಎಲ್ಲಾದ್ರೂ ಪಾರ್ಕಿಗೆ ಕರ್ಕೊಂಡು ಹೋಗಬಾರದಾ?"

"ಪಾರ್ಕಿನ ಸುದ್ದಿ ತೆಗೀಬ್ಯಾಡ್ರಿ ಅಕ್ಕಾರ" ಎಂದಳು ಮುದುಕವ್ವ, ಕಲ್ಲುಮಣ್ಣಿನೊಳಗಿಂದ ಅಕ್ಕಿ ಬಳಿಯುತ್ತ. "ಒಂದ್ ಸಲ ಹೋಗಿ ಸಾಕಾಗೇತಿ."

ಮುದುಕವ್ವ ಕೊಪ್ಪಳದ ಕಡೆಯವಳು. ಇಪ್ಪತ್ತು ವರ್ಷ ಗಂಡನ ಜೊತೆ ಕ್ವಾರಿಯಲ್ಲಿ ಕಲ್ಲು ಒಡೆದಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ಮುತ್ತಣ್ಣನ ಜೊತೆ ಬೆಂಗಳೂರಿಗೆ ಬಂದಳು. ಮುತ್ತಣ್ಣ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಾನೆ, ಸೊಸೆ ಸವಿತಾ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮುದುಕವ್ವ ದೊಡ್ಡದೊಂದು ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ನೆಲ ಒರೆಸಿ ಪಾತ್ರೆ ತೊಳೆಯುತ್ತಾಳೆ.

ಎರಡು ತಿಂಗಳ ಹಿಂದೆ ಶಾಲೆಗೆ ರಜೆ ಎಂದು ದಿವ್ಯಾಳನ್ನೂ ಕರೆದುಕೊಂಡು ಹೋಗಿದ್ದಳು. ಕೆಲಸ ಮುಗಿದ ಮೇಲೆ ಅಜ್ಜಿ ಮೊಮ್ಮಗಳು ಅಲ್ಲಿನ ಹೂದೋಟದ ಬೆಂಚಿನ ಮೇಲೆ ಎರಡು ನಿಮಿಷ ಕೂತರು. ಕಾವಲುಗಾರ ಬಂದ. ಕೆಟ್ಟವನೇನಲ್ಲ, ಮುಜುಗರದಿಂದಲೇ ಹೇಳಿದ: ಕೆಲಸದವರು ಇಲ್ಲಿ ಕೂರುವ ಹಾಗಿಲ್ಲ ಅಜ್ಜಿ, ಮೇಲಿನಿಂದ ಯಾರೋ ಫೋನ್ ಮಾಡಿದ್ದಾರೆ. ಮುದುಕವ್ವ ಎದ್ದುಬಿಟ್ಟಳು. ಗೇಟು ದಾಟುವವರೆಗೂ ದಿವ್ಯಾ ಕೇಳುತ್ತಲೇ ಇದ್ದಳು, "ಅಜ್ಜಿ, ನಾವು ಯಾಕ ಕುಂಡ್ರಬಾರದು?"

ಕಥೆ ಕೇಳಿ ವನಜಾಳ ಮುಖ ಸಣ್ಣದಾಯಿತು. "ಅವರು ಮಾಡಿದ್ದು ನಂಗೂ ಸರಿ ಕಾಣ್ಸಲ್ಲ ಅಜ್ಜಿ. ಆದ್ರೆ ಅದು ಆ ಮನೆಗಳವರ ಸ್ವಂತ ತೋಟ, ಅವರದೇ ರೂಲ್ಸು. ನಾನು ಹೇಳ್ತಿರೋದು ಬೇರೆ ಜಾಗ. ಲಾಲ್‌ಬಾಗು, ಕಬ್ಬನ್ ಪಾರ್ಕು, ಮಾರ್ಕೆಟ್ ಹತ್ರ ಕೋಟೆ, ಬನ್ನೇರುಘಟ್ಟದ ಕಾಡು. ಇವೆಲ್ಲ ಸರ್ಕಾರ ಕಾಪಾಡ್ತಿರೋ ಜಾಗಗಳು. ಎಲ್ಲರ ಆಸ್ತಿ."

"ಕಾಪಾಡ್ತಾರ ಅಂದ್ರ ಕಾವಲುಗಾರ ಇರ್ತಾನ. ಕಾವಲುಗಾರ ಇದ್ದಲ್ಲಿ ನಾ ಬರಂಗಿಲ್ಲ."

"ಅವನು ಇರೋದು ನಿಮ್ಮನ್ನ ಓಡಿಸೋಕಲ್ಲ ಅಜ್ಜಿ. ಜಾಗ ಹಾಳಾಗದೇ ಇರ್ಲಿ ಅಂತ."

ಒಳಗೆ ಗಡ್ಡ ಹೆರೆಯುತ್ತಿದ್ದ ಮುತ್ತಣ್ಣ ಅರ್ಧ ಸೋಪಿನ ಮುಖದಲ್ಲೇ ಇಣುಕಿದ. "ಅಲ್ರಿ ಅಕ್ಕಾರ, ಕಲ್ಲು, ಗಿಡ ನೋಡಾಕ ಟಿಕೇಟು ಬ್ಯಾರೆ ತಗೋಬೇಕೇನು? ಅವೆಲ್ಲ ಫಾರಿನ್ ಮಂದಿಗೆ ಚಲೋ. ನಮಗ ಒಂದ ದಿನ ರಜಾ, ಬಟ್ಟಿ ಒಗೀಬೇಕು, ನಿದ್ದಿ ಮಾಡಬೇಕು."

"ಆಧಾರ್ ಕಾರ್ಡ್ ಇದ್ರೆ ಹೆಂಗಸರಿಗೆ ನಮ್ಮ ಬಸ್ಸಲ್ಲಿ ದುಡ್ಡೇ ಇಲ್ಲ ಮುತ್ತಣ್ಣ. ಕೋಟೆಗೆ ಟಿಕೆಟ್ ಇಲ್ಲ, ಕಬ್ಬನ್ ಪಾರ್ಕಿಗೂ ಇಲ್ಲ. ಲಾಲ್‌ಬಾಗಿಗೆ ಸ್ವಲ್ಪ ಆಗತ್ತೆ. ನಿನ್ನ ಒಂದು ಸಿನಿಮಾ ಖರ್ಚಲ್ಲಿ ಮನೆಮಂದಿಯೆಲ್ಲ ಹೋಗಿ ಬರಬಹುದು ಕಣೋ."

ಆಗ ದಿವ್ಯಾ ಬಾಯಿ ತೆಗೆದಳು. "ನಮ್ಮ ಟೀಚರೂ ಹೇಳ್ಯಾರ. ಒಂದು ಹಳೇ ಜಾಗ ನೋಡಿ ಬಂದು ಕ್ಲಾಸಿನಾಗ ಹೇಳಬೇಕಂತ. ನಾ ಹೇಳೀನಿ, ನಮ್ಮನ್ನ ಒಳಗ ಬಿಡಂಗಿಲ್ಲ ಮಿಸ್ ಅಂತ."

ಮುದುಕವ್ವನ ಕೈಯಲ್ಲಿದ್ದ ಅಕ್ಕಿ ಕೈಯಲ್ಲೇ ಉಳಿಯಿತು. ತನಗೆ ಆದದ್ದನ್ನು ಅವಳು ನುಂಗಿಕೊಂಡಿದ್ದಳು. ಆದರೆ ಈ ಹುಡುಗಿ ಅದನ್ನೇ ಪಾಠ ಅಂತ ಕಲಿತುಬಿಟ್ಟಿದ್ದಾಳಲ್ಲ!

"ಮುಂದಿನ ಐತವಾರ ಹೋಗೂಣು" ಎಂದಳು. "ಅಕ್ಕಾರ, ನೀವೂ ಬರಬೇಕು. ಯಾರರ ಏನರ ಅಂದ್ರ ನೀವ ಉತ್ತರ ಕೊಡಬೇಕು."

ವನಜಾಳಿಗೂ ಆ ವಾರದ ರಜೆ ಭಾನುವಾರವೇ ಬಿದ್ದಿತ್ತು. ಬೆಳಿಗ್ಗೆ ಏಳಕ್ಕೆಲ್ಲ ಐದೂ ಜನ ಸ್ಟಾಪಿನಲ್ಲಿದ್ದರು. ಮುದುಕವ್ವ ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಸವಿತಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಸಿದ್ದಳು, ಪ್ಲಾಸ್ಟಿಕ್ ಬೇಡ ಅಂತ ವನಜಾ ಮೊದಲೇ ತಾಕೀತು ಮಾಡಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರ ಕೈಗೆ ಉಚಿತ ಟಿಕೆಟ್ ಕೊಟ್ಟು ಮುತ್ತಣ್ಣನ ಹತ್ತಿರ ಮಾತ್ರ ದುಡ್ಡು ಕೇಳಿದ. "ಈ ಮನಿಯಾಗ ನಾ ಒಬ್ಬನ ಸಾವುಕಾರ" ಎಂದು ಮುತ್ತಣ್ಣ ಗೊಣಗಿದ. ಸವಿತಾಳಿಗೆ ಮಾರ್ಕೆಟ್ ಬರುವ ತನಕ ನಗು ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿನಲ್ಲೇ ರೊಟ್ಟಿ ಮುಗಿಸಿ ಇನ್ನೊಂದು ಬಸ್ ಹಿಡಿದು ಲಾಲ್‌ಬಾಗ್ ತಲುಪಿದರು. ಗೇಟಿನ ಹತ್ತಿರ ಮುದುಕವ್ವನ ಕಾಲು ತಾನಾಗಿ ನಿಂತಿತು. ಖಾಕಿ ಬಟ್ಟೆಯವನೊಬ್ಬ ಅಲ್ಲಿದ್ದ. ಅವಳು ವನಜಾಳ ಬೆನ್ನಿಗೆ ಸರಿದಳು. ಖಾಕಿಯವನು ಟಿಕೆಟ್ ನೋಡಿ, "ಮುಂದೆ ಹೋಗಿ, ಮುಂದೆ ಹೋಗಿ" ಎಂದ. ಅಷ್ಟೇ. ಹಿಂದೆ ಬಂದ ಕಾರಿನವರಿಗೂ ಅಷ್ಟೇ ಹೇಳಿದ.

ಒಳಗೆ ಹೋದರೂ ಮುದುಕವ್ವ ಕೂರಲಿಲ್ಲ. ನಾಲ್ಕು ಜನ ತಬ್ಬಿದರೂ ಸಾಲದ ಮರಗಳನ್ನು ನೋಡಿದಳು, ಗಾಜಿನ ಮನೆ ನೋಡಿದಳು, ಕೆರೆ ಏರಿಯ ಮೇಲೆ ನಡೆದಳು. ದಾರಿಯುದ್ದಕ್ಕೂ ಬೆಂಚುಗಳಿದ್ದವು.

"ಕುಂಡ್ರು ಬೇ ಸ್ವಲ್ಪ, ಮೊಣಕಾಲು ನೋಯ್ತಾವು" ಎಂದ ಮುತ್ತಣ್ಣ.

"ಆಮ್ಯಾಲೆ."

"ಆಮ್ಯಾಲೆ ಅಂದ್ರ ಯಾವಾಗ?"

"ಆಮ್ಯಾಲೆ ಅಂದೆನಲ್ಲ!"

ಕಡೆಗೆ ಒಂದು ದೊಡ್ಡ ಬಂಡೆ ಬಂತು. ಮೇಲೆ ಕೆಂಪೇಗೌಡರ ಗೋಪುರ. ಬಂಡೆಯ ಮೈಯಲ್ಲಿ ಬಿಳಿ, ಕಪ್ಪು ಪಟ್ಟೆಗಳು ಬಳುಕಿಕೊಂಡು ಹೋಗಿದ್ದವು. ಮುದುಕವ್ವ ಬಗ್ಗಿ ಅಂಗೈಯಿಂದ ಸವರಿದಳು. ಉಗುರಿನಿಂದ ತಟ್ಟಿದಳು. ಮುಖವೇ ಬದಲಾಯಿತು.

"ಏ ಮುತ್ತ್ಯಾ, ಇದು ನಮ್ಮೂರ ಕಲ್ಲೋ! ನಿಮ್ಮಪ್ಪ ಒಡೀತಿದ್ದ ಕಲ್ಲು ಇಂಥಾದ್ದ. ಈ ಪಟ್ಟಿ ಇದ್ದಲ್ಲಿ ಚಾಣ ಇಟ್ಟು ಸುತ್ತಿಗಿಲೆ ಹೊಡದ್ರ ಸೀದಾ ಸೀಳ್ತದ."

ವನಜಾ ಅಲ್ಲಿನ ಫಲಕ ಓದಿ ಹೇಳಿದಳು. "ಅಜ್ಜಿ, ಈ ಬಂಡೆಗೆ ಮುನ್ನೂರು ಕೋಟಿ ವರ್ಷ ಆಗಿದೆಯಂತೆ. ಭೂಮಿ ಮೇಲಿನ ತುಂಬಾ ಹಳೇ ಕಲ್ಲುಗಳಲ್ಲಿ ಒಂದು. ಅದಕ್ಕೇ ಇದನ್ನ ರಾಷ್ಟ್ರೀಯ ಸ್ಮಾರಕ ಅಂತ ಮಾಡಿ ಉಳಿಸಿದ್ದಾರೆ. ಇಲ್ಲಾಂದ್ರೆ ಇಷ್ಟೊತ್ತಿಗೆ ಯಾರದೋ ಮನೆ ಮೆಟ್ಟಿಲಾಗಿರೋದು."

"ಮುನ್ನೂರು ಕೋಟಿ!" ಮುದುಕವ್ವ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟಳು. ಎಷ್ಟು ಜನ ಬಂದರು, ಹೋದರು. ಅವಳನ್ನು ಯಾರೂ ಏಳಿಸಲಿಲ್ಲ. ಗಾಳಿ ಬೀಸುತ್ತಿತ್ತು. ದಿವ್ಯಾ ಗೋಪುರದವರೆಗೆ ಓಡುವುದು, ತಿರುಗಿ ಬರುವುದು, ಮತ್ತೆ ಓಡುವುದು. ಒಂದು ಗಾಡಿಯ ಹಾರ್ನ್ ಕೂಡ ಅವಳನ್ನು ತಡೆಯಲಿಲ್ಲ.

ಮಧ್ಯಾಹ್ನ ಕೋಟೆಗೆ ಬಂದರು. ಮಾರ್ಕೆಟ್ಟಿನ ಗದ್ದಲದ ಪಕ್ಕದಲ್ಲೇ ಇದ್ದರೂ ಬಾಗಿಲು ದಾಟಿದರೆ ಒಳಗೆ ತಂಪು. ಮೊದಲು ಕೆಂಪೇಗೌಡರ ಮಣ್ಣಿನ ಕೋಟೆ ಇತ್ತು, ಆಮೇಲೆ ಹೈದರ್ ಅಲಿ ಕಾಲಕ್ಕೆ ಕಲ್ಲಿನದಾಯಿತು, ಈಗ ಉಳಿದಿರುವುದು ಇಷ್ಟೇ ಎಂದು ವನಜಾ ಹೇಳಿದಳು. ಮುದುಕವ್ವ ಕೇಳುತ್ತಿರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿತ್ತು. ಒಂದೊಂದು ಕಲ್ಲೂ ಒಂದೊಂದು ಆಳು ಎತ್ತರ. ಎರಡು ಕಲ್ಲು ಕೂಡುವ ಕಡೆ ನೂಲಿನಷ್ಟು ಸಂದು.

"ಸವಿತಾ, ಇಲ್ಲಿ ನೋಡವಾ. ಇಂಥಾ ಒಂದು ಕಲ್ಲು ಮೈ ಸಾಪ್ ಮಾಡಾಕ ಒಬ್ಬಾಂವಗ ಎಷ್ಟೋ ದಿನ ಬೇಕು. ಕೈಯಾಗ ರಕ್ತ ಬರ್ತದ. ಕಣ್ಣಾಗ ಪುಡಿ ಬೀಳ್ತದ. ಅವರ ಹೆಸರು ಯಾರಿಗಿ ಗೊತ್ತೈತಿ?"

ಅಷ್ಟರಲ್ಲಿ ಕರಕರ ಸದ್ದು ಬಂತು. ಆ ಸದ್ದು ಅವಳಿಗೆ ಗೊತ್ತು. ಕಲ್ಲಿಗೆ ಕಬ್ಬಿಣ ತಾಗುವ ಸದ್ದು. ತಿರುಗಿ ನೋಡಿದರೆ, ಒಳ್ಳೆಯ ಬಟ್ಟೆ ತೊಟ್ಟ ಯುವಕನೊಬ್ಬ ಬೈಕಿನ ಕೀಯಿಂದ ಗೋಡೆಯ ಮೇಲೆ ಹೆಸರು ಗೀಚುತ್ತಿದ್ದಾನೆ. ಜೊತೆಯ ಹುಡುಗಿ ಫೋಟೋಗೆ ಕಾಯುತ್ತಿದ್ದಾಳೆ.

"ಏಯ್!"

ಆ ಕೂಗಿಗೆ ಕಮಾನಿನ ಪಾರಿವಾಳಗಳು ಹಾರಿಹೋದವು. ಕ್ವಾರಿಯಲ್ಲಿ ಮದ್ದು ಸಿಡಿಸುವ ಮೊದಲು ಎಲ್ಲರನ್ನೂ ದೂರ ಕಳಿಸಲು ಕೂಗುತ್ತಿದ್ದ ದನಿ ಅದು.

"ಕೈ ತೆಗಿ! ಒಂದು ತಿಂಗಳು ಬೆವರು ಸುರಿಸಿ ಮಾಡಿದ್ದನ್ನ ಒಂದು ನಿಮಿಷದಾಗ ಹೊಲಸು ಮಾಡ್ತೀಯಲ್ಲೋ!"

ಯುವಕನಿಗೆ ಅವಮಾನವಾಯಿತು. "ಏನ್ ಅಜ್ಜಿ, ಇದೇನು ನಿಮ್ಮಪ್ಪಂದಾ?"

"ಹೂಂ, ನಮ್ಮಪ್ಪಂದು. ನಿಮ್ಮಪ್ಪಂದೂ ಹೌದು. ಅದಕ್ಕ ಹೇಳಾಕತ್ತೀನಿ!"

ಸುತ್ತ ಇದ್ದವರು ನಕ್ಕರು. ಅಷ್ಟರಲ್ಲಿ ಕೋಟೆಯ ಕಾವಲುಗಾರ ಓಡಿಬಂದ. ಅವನನ್ನು ಕಂಡದ್ದೇ ಮುದುಕವ್ವ, ಮುಗಿಯಿತು, ಗದ್ದಲ ಮಾಡಿದೆನೆಂದು ನನ್ನನ್ನೇ ಹೊರಗೆ ಹಾಕುತ್ತಾನೆ ಎಂದುಕೊಂಡು ಸೆರಗು ಬಿಗಿಹಿಡಿದು ಬಾಗಿಲ ಕಡೆ ಹೊರಟೇಬಿಟ್ಟಳು.

"ಅಮ್ಮಾ, ನೀವೆಲ್ಲಿ ಹೊರಟ್ರಿ? ನಿಂತ್ಕೊಳ್ಳಿ" ಎಂದ ಕಾವಲುಗಾರ. ಆಮೇಲೆ ಯುವಕನ ಕಡೆ ತಿರುಗಿದ. "ಬಾಗಿಲಲ್ಲಿ ಬೋರ್ಡ್ ಓದಿಲ್ವಾ? ಇದು ಸಂರಕ್ಷಿತ ಸ್ಮಾರಕ. ಹಾಳು ಮಾಡಿದ್ರೆ ಜೈಲು ಶಿಕ್ಷೆನೂ ಆಗತ್ತೆ, ದಂಡನೂ ಬೀಳತ್ತೆ."

ಯುವಕ ಗಾಬರಿಯಿಂದ ಕರವಸ್ತ್ರ ತೆಗೆದು ಗೀಚಿದ್ದನ್ನು ಉಜ್ಜಲು ಹೋದ.

"ಉಜ್ಜಬೇಡ! ಇನ್ನೂ ಹಾಳಾಗತ್ತೆ. ಅದನ್ನ ಸರಿ ಮಾಡೋಕೆ ತಿಳಿದೋರು ಬರಬೇಕು. ಬಾ, ಆಫೀಸಲ್ಲಿ ಹೆಸರು, ವಿಳಾಸ ಬರೆಸು."

ಹೋಗುವ ಮೊದಲು ಯುವಕ ಮುದುಕವ್ವನ ಮುಂದೆ ತಲೆ ತಗ್ಗಿಸಿದ. "ಸಾರಿ ಅಜ್ಜಿ. ಅಷ್ಟು ಯೋಚ್ನೆ ಮಾಡ್ಲಿಲ್ಲ."

"ಇನ್ನ ಮ್ಯಾಲೆ ಮಾಡಪ್ಪಾ" ಎಂದಳು ಅವಳು, ದನಿ ಮೆತ್ತಗಾಗಿ.

ಕಾವಲುಗಾರ ನಕ್ಕ. "ಇಷ್ಟು ಜನರ ಮೇಲೆ ನಾನೊಬ್ಬ ಎಲ್ಲಿ ಅಂತ ಕಣ್ಣಿಡ್ಲಿ ಅಮ್ಮಾ? ನಿಮ್ಮಂಥೋರು ವಾರಕ್ಕೊಂದ್ಸಲ ಬಂದ್ರೆ ನಂಗೂ ಧೈರ್ಯ."

ಮುದುಕವ್ವ ವನಜಾಳ ಮುಖ ನೋಡಿದಳು. "ಕೇಳಿದ್ರೇನ್ರಿ ಅಕ್ಕಾರ? ಬಾ ಅಂತಾನ!" ಬಾಯ್ತುಂಬ ನಕ್ಕಳು. ಅತ್ತೆ ಹಾಗೆ ನಕ್ಕದ್ದನ್ನು ಸವಿತಾ ಬೆಂಗಳೂರಿಗೆ ಬಂದ ಮೇಲೆ ಕಂಡೇ ಇರಲಿಲ್ಲ.

ಮರುದಿನ ದಿವ್ಯಾ ತರಗತಿಯಲ್ಲಿ ಮುನ್ನೂರು ಕೋಟಿ ವರ್ಷದ ಬಂಡೆಯ ಕಥೆ ಹೇಳಿದಳು. ಕೋಟೆಗೆ ಬಂದ ಶತ್ರುವನ್ನು ನಮ್ಮಜ್ಜಿ ಒಬ್ಬಳೇ ಸೋಲಿಸಿದಳು ಎಂದೂ ಸೇರಿಸಿದಳಂತೆ. ಟೀಚರ್ ಅದನ್ನು ತಿದ್ದಲಿಲ್ಲ.

ಈಗ ಆ ಮನೆಯಲ್ಲಿ ಜಗಳವೇ ಬೇರೆ. ಬನ್ನೇರುಘಟ್ಟದ ಕಾಡು ನೋಡಬೇಕೆಂದು ಸವಿತಾ, ಟಿಪ್ಪುವಿನ ಮರದ ಅರಮನೆಯ ಬಣ್ಣ ನೋಡಬೇಕೆಂದು ಮುತ್ತಣ್ಣ, ದೇವನಹಳ್ಳಿ ಕೋಟೆಯ ಕಲ್ಲು ನೋಡಬೇಕೆಂದು ಮುದುಕವ್ವ. "ಮಂಗಳವಾರ ಮಾತ್ರ ಬನ್ನೇರುಘಟ್ಟಕ್ಕೆ ಹೋಗ್ಬೇಡಿ, ಝೂಗೆ ರಜೆ" ಎಂದು ವನಜಾ ಎದುರು ಮನೆಯಿಂದಲೇ ಕೂಗಿ ಹೇಳುತ್ತಾಳೆ. ಮುದುಕವ್ವ ತನ್ನ ಜೊತೆ ಕೆಲಸ ಮಾಡುವ ನಾಲ್ಕು ಹೆಂಗಸರನ್ನೂ ಹೊರಡಿಸಿದ್ದಾಳೆ. ಅವರು ಅನುಮಾನ ಪಟ್ಟರೆ ಅವಳದು ಒಂದೇ ಉತ್ತರ: "ನಾ ಅದೀನಿ, ಬರ್ರಿ."

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಪೀಣ್ಯದ ಕಾರ್ಖಾನೆಯಲ್ಲಿರಬಹುದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾರೆ ಕೆಲಸ ಮಾಡುತ್ತಿರಬಹುದು, ಸರ್ಜಾಪುರದಲ್ಲಿ ಸೊಪ್ಪು ಬೆಳೆಯುತ್ತಿರಬಹುದು. ನಮ್ಮ ಸಾರ್ವಜನಿಕ ತೋಟಗಳು, ಕಾಡುಗಳು, ಕೋಟೆಗಳು, ಅರಮನೆಗಳು ನಿಮ್ಮವು. ಯಾರ ಅಪ್ಪಣೆಗೂ ಕಾಯಬೇಡಿ. ಹೊರಡುವ ಮೊದಲು ಅಲ್ಲಿನ ಸಮಯ, ವಾರದ ರಜೆ ವಿಚಾರಿಸಿಕೊಳ್ಳಿ. ಆಧಾರ್ ಕಾರ್ಡ್ ಜೊತೆಗಿರಲಿ. ಹೂ ಕೀಳಬೇಡಿ, ಪ್ರಾಣಿಗಳಿಗೆ ತಿಂಡಿ ಹಾಕಬೇಡಿ, ಕಸ ಬಿಟ್ಟು ಬರಬೇಡಿ. ಗೋಡೆಯ ಮೇಲೆ ಹೆಸರು ಬರೆಯುವವರನ್ನು ಕಂಡರೆ ಸುಮ್ಮನಿರಬೇಡಿ, ಅಲ್ಲಿನ ಸಿಬ್ಬಂದಿಗೆ ಹೇಳಿ. ನಿಮ್ಮ ಊರಿನಲ್ಲೇ ಹಳೇ ಶಾಸನದ ಕಲ್ಲು, ವೀರಗಲ್ಲು ಇದ್ದರೆ ಅದನ್ನೂ ಮಕ್ಕಳಿಗೆ ತೋರಿಸಿ.

ಮತ್ತೆ ಒಂದು ಮಾತು. "ನಾನ್ಯಾಕೆ, ನೀವು ಹೋಗಿ ಬನ್ನಿ" ಎಂದು ಮೂಲೆ ಹಿಡಿಯುವ ಹಿರಿಯರು ನಿಮ್ಮ ಮನೆಯಲ್ಲೂ ಇರುತ್ತಾರೆ. ಈ ಭಾನುವಾರ ಅವರನ್ನು ಬಿಟ್ಟು ಹೊರಡಬೇಡಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವರಿಗೇ ಕೊಡಿ.